ಮಗ್ಗದ ಮುಂದಿನ ಖಾಲಿ ದಿಂಬು

ನಮ್ಮ ತುರ್ಕಮೆನ್ ಮನೆಗಳಲ್ಲಿ ಸೊಸೆ ಅತ್ತೆಯ ಮುಂದೆ ತಲೆವಸ್ತ್ರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಸುಮ್ಮನಿರಬೇಕು. ನನ್ನ ಅತ್ತೆ ಒಗುಲ್‌ಬೇಗ್ ತಮ್ಮ ಅತ್ತೆ ಸಾಯುವವರೆಗೂ ಕಚ್ಚಿದ್ದರಂತೆ. ನಾನು ಇವರ ಮುಂದೆ ಹನ್ನೆರಡು ವರ್ಷ ಕಚ್ಚಿದೆ. ಅವರು ತೀರಿಕೊಂಡ ಮೇಲೆ, ಅವರು ಅರ್ಧಕ್ಕೆ ಬಿಟ್ಟ ರತ್ನಗಂಬಳಿಯನ್ನು ನೇಯುತ್ತಾ, ನುಂಗಿಕೊಂಡಿದ್ದ ಬೈಗುಳವನ್ನೆಲ್ಲ ಅವರು ಕೂರುತ್ತಿದ್ದ ದಿಂಬಿಗೆ ಒಪ್ಪಿಸಿದೆ.

ಮರುದಿನದಿಂದ ಶುರುವಾಯಿತು. ಮಧ್ಯಾಹ್ನ ತಂದೂರಿನಿಂದ ರೊಟ್ಟಿ ತೆಗೆದು ಬರುವಷ್ಟರಲ್ಲಿ ನಾನು ನೇಯ್ದ ಸಾಲು ಬಿಚ್ಚಿರುತ್ತಿತ್ತು. ಆ ಉರಿಬಿಸಿಲಲ್ಲೂ ದಿಂಬು ಬಾವಿನೀರಿನಷ್ಟು ತಣ್ಣಗಿರುತ್ತಿತ್ತು.

“ಬೆಕ್ಕಿನ ಕೆಲಸ, ಬಿಡೇ,” ಎಂದ ಗಂಡ ಬಾಯ್ರಮ್.

“ಬಿಚ್ಚಿದ ನೂಲನ್ನ ಬಣ್ಣ ಬಣ್ಣವಾಗಿ ಬೇರೆ ಮಾಡಿ ಇಡುತ್ತಾ ನಿಮ್ಮ ಬೆಕ್ಕು?”

ಹೋದ ವಾರ ರಾಜಧಾನಿಯಿಂದ ಮರುಭೂಮಿ ನೋಡಲು ಬಂದ ಪ್ರವಾಸಿಯೊಬ್ಬ ಮಗ್ಗದ ಕೋಣೆಯಲ್ಲಿ ಕೂತು ಚಹಾ ಕುಡಿದ. ಹೊರಗೆ ಬಂದವನೇ ಕೇಳಿದ:

“ಅಕ್ಕಾ, ಒಳಗಿರೋ ಅಜ್ಜಿಯರಲ್ಲಿ ಆ ಹಣ್ಣುಹಣ್ಣು ಮುದುಕಿ ಯಾಕೆ ಅಷ್ಟು ಬೈತಾರೆ? ಬೈಸ್ಕೊಳ್ತಿದ್ದ ಇನ್ನೊಬ್ಬರು ಪಾಪ, ತಲೆವಸ್ತ್ರ ಕಚ್ಕೊಂಡು ಗಂಬಳಿಯ ಗಂಟು ಬಿಚ್ತಾನೇ ಇದ್ರು.”

ಮನೆಯಲ್ಲಿ ನನ್ನನ್ನು ಬಿಟ್ಟರೆ ಬೇರೆ ಹೆಂಗಸರಿಲ್ಲ. ನಾನು ವಸ್ತ್ರದ ತುದಿಯನ್ನು ಮತ್ತೆ ಹಲ್ಲಲ್ಲಿ ಕಚ್ಚಿಕೊಂಡೆ, ನಗು ಒಳಗೆ ಕೇಳಿಸದಿರಲಿ ಎಂದು.