ಸೂಜಿ ಬೇಡದ ಮಾತ್ರೆ

ಬಸ್ ಚಾಲಕನ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಾ ಲ್ಯಾಬ್ ಟೆಕ್ನಿಷಿಯನ್ ಕೇಳಿದಳು, “ಮಾತ್ರೆ ತಪ್ಪಿಸ್ತಿದೀರಾ?”

“ಇಲ್ಲ ಮೇಡಂ. ದಿನಾ ತಗೋತೀನಿ.”

“ಹಾಗಾದ್ರೆ ರಿಪೋರ್ಟ್ ಯಾಕೆ ಒಂದ್ಸಲ ಏರತ್ತೆ, ಒಂದ್ಸಲ ಇಳಿಯತ್ತೆ?”

ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದಂದಿನಿಂದ ಅವನು ರಕ್ತ ತೆಳುವಾಗಿಸುವ ಹಳೆಯ ಮಾತ್ರೆ ನುಂಗುತ್ತಿದ್ದ. ಅದರ ಪ್ರಮಾಣ ಹೊಂದಿಸಲು ಪದೇ ಪದೇ ರಕ್ತ ಪರೀಕ್ಷೆ. ಬಂದಾಗಲೆಲ್ಲ ಸೂಜಿ ಬಿಟ್ಟು ಅವಳ ಹುಬ್ಬು ನೋಡುತ್ತಿದ್ದ. ಸಿಕ್ಕಿಬಿದ್ದರೆ ಗೋಡೆ ನೋಡುತ್ತಿದ್ದ. ಅವಳಿಗೂ ಅದು ಹಿತವೇ. ಆದರೆ ಏನೋ ಮುಚ್ಚಿಡುತ್ತಿದ್ದಾನೆ ಎಂಬ ಗುಮಾನಿ ಹೋಗಲಿಲ್ಲ.

ಒಮ್ಮೆ ಜೊತೆಗೆ ಅವನ ಅಕ್ಕ ಬಂದಿದ್ದಳು. ಅವನು ಆಚೆ ಹೋದದ್ದೇ ತಡ, ಪಿಸುಗುಟ್ಟಿದಳು. “ನೀವಾದ್ರೂ ಬುದ್ಧಿ ಹೇಳಿ. ಈ ಮಾತ್ರೆ ಇವನಿಗೆ ಒಗ್ತಾ ಇಲ್ಲ, ಹೊಸ ಮಾತ್ರೆ ಕೊಡ್ತೀನಿ ಅಂತ ಡಾಕ್ಟರ್ ಯಾವಾಗ್ಲೋ ಹೇಳಿದಾರೆ. ಹೊಸದನ್ನ ನಂಬಲ್ಲ ಅಂತಾನೆ. ಮೊನ್ನೆ ಮೂಗಿನ ರಕ್ತ ನಿಲ್ಲಲೇ ಇಲ್ಲ.”

ಟೆಕ್ನಿಷಿಯನ್ ಅವನ ಹಳೆಯ ರಿಪೋರ್ಟುಗಳನ್ನೆಲ್ಲ ತೆಗೆದು ನೋಡಿದಳು.

ಮುಂದಿನ ಸಲ ಅವಳು ಸೂಜಿಯನ್ನು ಮುಟ್ಟಲೇ ಇಲ್ಲ. “ಹೊಸ ಮಾತ್ರೆ ಮೇಲೆ ಏನು ಅನುಮಾನ?”

“ದುಬಾರಿ.”

“ಈ ಟೆಸ್ಟುಗಳ ಖರ್ಚು ಉಳಿಯತ್ತಲ್ಲ.”

“ರಕ್ತಸ್ರಾವ ಆದ್ರೆ?”

“ಆಗಬಹುದು. ಆ ಭಯ ಎರಡಕ್ಕೂ ಇದೆ. ತಲೆಯೊಳಗೆ ಆಗೋದು ಹೊಸದರಲ್ಲಿ ಕಮ್ಮಿ. ಹೊಸದಕ್ಕೆ ಕಿಡ್ನಿ ಚೆನ್ನಾಗಿರಬೇಕು, ನಿಮ್ಮದು ಚೆನ್ನಾಗಿದೆ. ಆದ್ರೆ ಒಂದು ಹೊತ್ತೂ ತಪ್ಪಿಸೋ ಹಾಗಿಲ್ಲ, ಅದರ ಬಲ ಬೇಗ ಇಳಿಯತ್ತೆ. ಇನ್ನೇನು?”

ಅವನು ತಲೆ ತಗ್ಗಿಸಿದ. “ಹೊಸದಾದ್ರೆ ಹೀಗೆ ಚುಚ್ಚಿಸ್ಕೊಳ್ಳೋಕೆ ಇಲ್ಲಿಗೆ ಬರಬೇಕಾಗಿಲ್ಲವಂತೆ.”

ಅವಳ ಕೆನ್ನೆ ಬಿಸಿಯಾಯಿತು. ಮರುಕ್ಷಣವೇ ಹುಬ್ಬು ಗಂಟಿಕ್ಕಿತು. “ಎಷ್ಟು ಲ್ಯಾಬಲ್ಲಿ ಈ ಮಾತು ಹೇಳಿದೀರಿ?”

“ನಾನು ಬರೋದು ಇದೊಂದೇ ಲ್ಯಾಬಿಗೆ.”

“ನಗಬೇಡಿ. ನಿಮಗೇನಾದ್ರೂ ಆಗಿದ್ರೆ ನಾನು ಹೇಗೆ ಇರಬೇಕಿತ್ತು? ಈಗಲೇ ಡಾಕ್ಟರ್ ಹತ್ರ ಹೋಗಿ. ಮಾತ್ರೆ ಬದಲಾಗೋವರೆಗೆ ಮುಖ ತೋರಿಸಬೇಡಿ.”

ಅವನು ಹೋದ. ಆಮೇಲೆ ಬಾಗಿಲು ಸದ್ದಾದಾಗಲೆಲ್ಲ ಅವಳು ತಲೆಯೆತ್ತಿದಳು. ಬೇರೆ ಯಾರೋ. ನನ್ನನ್ನು ಆಟ ಆಡಿಸಿದನೋ, ಅಥವಾ ಇನ್ನೆಲ್ಲೋ ತೋಳು ಚಾಚಿ ಕೂತಿದ್ದಾನೋ?

ಒಂದು ಸಂಜೆ ಅವಳು ಕೈಗವಸು ಕಳಚುತ್ತಿದ್ದಾಗ ಅವನು ಬಾಗಿಲಲ್ಲಿ ನಿಂತಿದ್ದ. ಕುರ್ಚಿಯಲ್ಲಿ ಕೂರಲಿಲ್ಲ.

“ಬದಲಾಯಿಸಿದಾರೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಒಂದೂ ತಪ್ಪಿಸಿಲ್ಲ.”

“ನಾನು ನಂಬಲ್ಲ.”

“ಏನು ಮಾಡಿದ್ರೆ ನಂಬ್ತೀರಿ?”

ಅವಳು ಬ್ಯಾಗ್ ಹೆಗಲಿಗೇರಿಸಿ ದೀಪ ಆರಿಸಿದಳು. “ರಾತ್ರಿ ಮಾತ್ರೆ ನನ್ನೆದುರಿಗೇ ನುಂಗಬೇಕು.”

“ಇವತ್ತೊಂದು ದಿನಾನಾ?”

“ನನ್ನ ಅನುಮಾನ ಹೋಗೋವರೆಗೆ.” ಬಾಗಿಲಿಗೆ ಬೀಗ ಹಾಕುತ್ತಾ, ಅವನ ಕಡೆ ನೋಡದೆ ಸೇರಿಸಿದಳು, “ಅದು ಅಷ್ಟು ಬೇಗ ಹೋಗೋದಲ್ಲ.”