ಹದಿನೇಳು ಗುಡ್ಡೆ

ತಂತಿ!

ಅದು ಕಣ್ಣಿಗೆ ಬಿದ್ದಾಗ ನನ್ನ ಕುತ್ತಿಗೆಗೂ ಅದಕ್ಕೂ ನಡುವೆ ನಾಲ್ಕೇ ಮಾರು. ಬ್ರೇಕ್ ಹಿಡಿದು ಪ್ರಯೋಜನವಿರಲಿಲ್ಲ. ಬೈಕನ್ನು ಎಡಕ್ಕೆ ಮಲಗಿಸಿದೆ. ನಾನೂ ಅದರ ಜೊತೆಗೇ ಮಲಗಿದೆ. ಕೆಸರು, ಚೆಸ್ಟ್‌ನಟ್ ಸಿಪ್ಪೆಯ ಮುಳ್ಳು, ಕಲ್ಲು... ಎಲ್ಲವೂ ಬೆನ್ನಿನ ಕೆಳಗೆ ಓಡಿದವು. ತಂತಿ ಹೆಲ್ಮೆಟ್ಟಿನ ನೆತ್ತಿಯನ್ನು ಕೆರೆದು ‘ಟಿಂಗ್’ ಎಂದಿತು.

ಬದುಕಿದ್ದೆ!

ಎರಡು ಮರಗಳ ನಡುವೆ ಬಿಗಿದ ಬೇಲಿ ತಂತಿ. ಹೊಳೆಯದಿರಲಿ ಎಂದು ಕೆಸರು ಸವರಿದ್ದರು. ಬೈಕಿನ ಮೇಲೆ ನಿಂತು ಇಳಿದು ಬರುವವನ ಕುತ್ತಿಗೆಗೆ ಸರಿಯಾದ ಎತ್ತರ. ಕಟ್ಟಿದವನು ನಮ್ಮವರು ಬೈಕು ಓಡಿಸುವುದನ್ನು ಚೆನ್ನಾಗಿ ನೋಡಿಕೊಂಡಿದ್ದ.

ಮೊಣಕೈ ಊರಿ ಏಳಲು ಹೋದೆ. ಬಂದೂಕಿನ ನಳಿಗೆ ಎದೆಗೆ ತಾಗಿತು.

“ಬಿದ್ದಿರು ಹಂಗೇ!”

ಕಿತ್ತಳೆ ಬಣ್ಣದ ಜಾಕೆಟ್ಟು. ಅದರ ಗುಂಡಿಗಳನ್ನು ಕಿತ್ತೆಸೆಯಲು ಕಾದಿರುವ ಹೊಟ್ಟೆ. ಗ್ವಾಲ್ತಿಯೆರೊ! ಊರಿನ ಕಸಾಯಿ. ಹಂದಿ ಬೇಟೆಯ ತಂಡದವನು.

“ಬೇಟೆ ದಿನ ಕಾಡೊಳಗೆ ಬರಬಾರದು ಅಂತ ಕೆಳಗೆ ಬೋರ್ಡ್ ಹಾಕಿದೀವಿ. ಕಣ್ಣು ಕಾಣಲ್ವೇನೋ?”

“ಕೊಂಬು ಊದಿ ಅರ್ಧ ಗಂಟೆ ಆಯ್ತು. ನಿಮ್ಮ ಬೇಟೆ ಮುಗೀತು. ತಲೆ ಎತ್ತಿ ನೋಡು ಮಾರಾಯ!”

ನೋಡಿದ. ಕೆಂಪಗಿದ್ದ ಮುಖ ಬಿಳಿಚಿಕೊಂಡಿತು.

“ಇದು... ಇದು ನಮ್ಮವರ ಕೆಲಸ ಅಲ್ಲ!”

“ಹೌದೌದು. ಹಂದಿಗಳೇ ಕಟ್ಟಿರಬೇಕು!”

ಬಂದೂಕು ಕೆಳಗಿಳಿಯಲಿಲ್ಲ.

“ಏಳು. ನಡಿ ಗುಡಿಸಲಿಗೆ. ಒಲಿಂದೋ ಯಜಮಾನ್ರ ಹತ್ರ ಮಾತಾಡು.”

ನಾನು ಬಂದಿದ್ದೇ ಅದಕ್ಕೆ. ಬೈಕು ಎತ್ತಿ ತಳ್ಳಿಕೊಂಡು ನಡೆದೆ. ಬಗ್ಗಿದ ಕ್ಲಚ್ಚು, ಸುಲಿದ ಮೊಣಕೈ, ಬೆನ್ನ ಹಿಂದೆ ಕಸಾಯಿಯ ಬಂದೂಕು... ಶನಿವಾರ ಕಳೆಯಲು ಇದಕ್ಕಿಂತ ಒಳ್ಳೆಯ ದಾರಿಗಳಿವೆ.

ನನ್ನ ಹೆಸರು ರುಜ್ಜೇರೊ. ವಿಮಾ ಕಂಪನಿಗಳ ಪರವಾಗಿ ಸುಳ್ಳು ಅಪಘಾತ ಹಿಡಿಯುವುದು ನನ್ನ ಕಸುಬು. ಮುರಿಯದ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಬರುವವರು ನನ್ನನ್ನು ಕಂಡರೆ ಓಡುತ್ತಾರೆ, ಅದೂ ಎರಡೂ ಕಾಲಲ್ಲಿ. ಈ ಸಲದ ಅಪಘಾತ ಮಾತ್ರ ಸುಳ್ಳಾಗಿರಲಿಲ್ಲ.

ಹಿಂದಿನ ಭಾನುವಾರ, ಇದೇ ಹಾದಿಯಲ್ಲಿ, ಇಂಥದ್ದೇ ತಂತಿ. ಸಿಕ್ಕಿಬಿದ್ದವಳು ನೀವ್ಸ್. ನನ್ನ ಹಳೆಯ ರೇಸಿನ ಜೊತೆಗಾರ ಎಜಿಯೋನ ಒಬ್ಬಳೇ ಮಗಳು. ಕಣಿವೆಯಲ್ಲಿ ಅವಳ ಹಾಗೆ ಬೈಕು ಓಡಿಸುವ ಗಂಡಸು ಇನ್ನೂ ಹುಟ್ಟಿಲ್ಲ. ಈಗ ಜಿನೋವಾದ ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದಾಳೆ. ಉಳಿಯುತ್ತಾಳೆ ಎಂದರು ಡಾಕ್ಟರು. ಮಾತು ಬರುತ್ತದೆಯೇ ಎಂದು ಕೇಳಿದರೆ ಕಿಟಕಿಯ ಕಡೆ ನೋಡಿದರು.

ಎಜಿಯೋ ಅಳಲಿಲ್ಲ. ಟ್ರ್ಯಾಕ್ಟರ್ ರಿಪೇರಿ ಮಾಡುವ ಶೆಡ್ಡಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೇಳಿದ.

“ಒಂದು ಹೆಸರು ತಂದುಕೊಡು ರುಜ್ಜೇರೊ. ಭಾನುವಾರದ ತನಕ ಕಾಯ್ತೀನಿ. ಆಮೇಲೆ ನನ್ನ ಲೆಕ್ಕಕ್ಕೆ ಆ ತಂಡದ ಹದಿನೆಂಟು ಜನಾನೂ ಅವನೇ.”

ಅವನು ಬಾಯಿ ಮಾತಿಗೆ ಹೇಳುವವನಲ್ಲ. ಮಗಳು ಎದ್ದು ಕೂರುವಷ್ಟರಲ್ಲಿ ಅಪ್ಪ ಕೊಲೆಗಾರನಾಗಿರುತ್ತಿದ್ದ!

ಬೈಕಿನವರಿಗೂ ಬೇಟೆಗಾರರಿಗೂ ಜಗಳ ಇವತ್ತಿನದಲ್ಲ. ಬೇಟೆಗಾರರು ಹಾದಿಗೆ ಮೊಳೆ ಚೆಲ್ಲಿದರೆ ನಮ್ಮವರು ಜೀಪಿನ ಟೈರು ಕುಯ್ಯುತ್ತಿದ್ದರು. ಆದರೆ ಕುತ್ತಿಗೆಗೆ ತಂತಿ? ಅದು ಜಗಳವಲ್ಲ. ಠಾಣೆಯ ಸಾಲ್ವೆತ್ತಿ ಹದಿನೆಂಟು ಜನರನ್ನೂ ವಿಚಾರಿಸಿದ್ದ. ತಂತಿ ಕಟ್ಟಿದ್ದು ಬೇಟೆ ನಡೆಯುತ್ತಿದ್ದಾಗಲೇ, ಆದರೆ ಕೊಂಬು ಊದುವ ತನಕ ಯಾರೂ ಹೊಂಚು ಕೂತ ಜಾಗ ಬಿಟ್ಟು ಕದಲಿಲ್ಲವಂತೆ. ಹದಿನೆಂಟು ಬಾಯಿ, ಒಂದೇ ಮಾತು!

ಗುಡಿಸಲಿನ ಮುಂದೆ ಬೆಂಕಿ ಉರಿಯುತ್ತಿತ್ತು. ಉದ್ದನೆಯ ಹಲಗೆಯ ಮೇಲೆ ಹಂದಿಯನ್ನು ಕೊಯ್ದು ಆಳಿಗೊಂದರಂತೆ ಗುಡ್ಡೆ ಹಾಕಿದ್ದರು. ಸುತ್ತ ಕಿತ್ತಳೆ ಜಾಕೆಟ್ಟುಗಳು, ಕೈಯಲ್ಲಿ ವೈನಿನ ಲೋಟಗಳು. ನನ್ನನ್ನು ಕಂಡದ್ದೇ ನಗು ನಿಂತಿತು.

“ಓಹೋ... ಹೊಗೆ ಬಿಡೋ ಕತ್ತೆ ಹತ್ತಿ ಬಂದೋರು ಯಾರಿದು?”

ಒಲಿಂದೋ. ತಂಡದ ಯಜಮಾನ. ಎಪ್ಪತ್ತು ದಾಟಿದರೂ ನೆಟ್ಟಗೆ ನಿಲ್ಲುವ ಮುದುಕ. ಕಾಲ ಬಳಿ ಅವನ ಹೆಣ್ಣುನಾಯಿ ಬಿಸ್ಸಾ ಮಲಗಿತ್ತು. ಅದಕ್ಕೆ ಇದ್ದದ್ದು ಮೂರು ಕಾಲು.

“ಹಾದಿಯಲ್ಲಿ ಇನ್ನೊಂದು ತಂತಿ ಇದೆ ಯಜಮಾನ್ರೇ. ಈ ಸಲ ನನಗೆ ಇಟ್ಟಿದ್ರು.”

ಗುಂಪಿನಲ್ಲಿ ಗುಜುಗುಜು. ಗ್ವಾಲ್ತಿಯೆರೊ ತಲೆಯಾಡಿಸಿದ. “ನಿಜ. ನಾನೇ ಕಣ್ಣಾರೆ ನೋಡ್ದೆ.”

“ಪಟ್ಟಣದ ಬೈಕಿನವರು ತಾವೇ ಕಟ್ಟಿ ನಮ್ಮ ತಲೆಗೆ ಕಟ್ತಿದಾರೆ,” ಎಂದ ಒಲಿಂದೋ. “ಹೋದ ವಾರ ನಾವೆಲ್ಲ ನಮ್ಮ ನಮ್ಮ ಜಾಗದಲ್ಲಿದ್ವಿ. ಠಾಣೇಲಿ ಹೇಳಿದೀವಿ. ಇಲ್ಲಿಂದ ಜಾಗ ಖಾಲಿ ಮಾಡು. ಗ್ವಾಲ್ತಿಯೆರೊ, ಪಾಲು ಶುರು ಮಾಡು!”

ಗ್ವಾಲ್ತಿಯೆರೊ ಬಂದೂಕು ಪಕ್ಕಕ್ಕಿಟ್ಟು ಚೂರಿ ತೆಗೆದುಕೊಂಡ. ಇನ್ನೊಬ್ಬ ಹಲಗೆಗೆ ಬೆನ್ನು ತಿರುಗಿಸಿ ನಿಂತ. ಚೂರಿ ಒಂದು ಗುಡ್ಡೆಯನ್ನು ಮುಟ್ಟಿತು.

“ಇದು ಯಾರಿಗೆ?”

“ಫೆರುಚ್ಚೋಗೆ!” ಎಂದ ಬೆನ್ನು ತಿರುಗಿಸಿದವನು.

“ಇದು ಯಾರಿಗೆ?”

“ಒಲಿಂದೋಗೆ!”

ಗುಡ್ಡೆ ಕಾಣದವನು ಹೆಸರು ಕೂಗುತ್ತಾನೆ. ಯಜಮಾನನಿಗೆ ತೊಡೆ, ಬಡವನಿಗೆ ಮೂಳೆ ಎಂಬ ಮಾತೇ ಇಲ್ಲ. ನಮ್ಮಪ್ಪ ಇದೇ ತಂಡದಲ್ಲಿದ್ದ. ಒಮ್ಮೆ ಹೊಟ್ಟೆನೋವೆಂದು ಕೊಂಬು ಊದುವ ಮೊದಲೇ ಜಾಗ ಬಿಟ್ಟೆದ್ದ. ಆ ರಾತ್ರಿ ನಮ್ಮ ಮನೆಯಲ್ಲಿ ಬರೀ ಆಲೂಗಡ್ಡೆ. ಗುಂಡು ತುಂಬಿದ ಬಂದೂಕುಗಳ ನಡುವೆ ಒಬ್ಬ ಎದ್ದು ಓಡಾಡಿದರೆ ಹೆಣ ಬೀಳುತ್ತದೆ. ಅದಕ್ಕೇ ಈ ಕಟ್ಟುಪಾಡು: ಜಾಗ ಬಿಟ್ಟವನಿಗೆ ಗುಡ್ಡೆ ಇಲ್ಲ. ಯಾವ ನೆಪವೂ ನಡೆಯುವುದಿಲ್ಲ.

ತಲೆಯಲ್ಲಿ ಏನೋ ಹೊಳೆಯಿತು.

ಜೋರಾಗಿ ನಕ್ಕೆ.

“ಏನೋ ನಗು?” ಗ್ವಾಲ್ತಿಯೆರೊ ಚೂರಿ ಎತ್ತಿದ.

“ಏನಿಲ್ಲ. ಹೋದ ಭಾನುವಾರದ ಪಾಲಲ್ಲಿ ನೀನು ಕೈಚಳಕ ತೋರಿಸಿದೆ ಅಂತ ಊರಲ್ಲಿ ಮಾತು. ಒಂದು ಗುಡ್ಡೆ ನಿನ್ನ ಅಂಗಡಿಗೆ ಹೋಯ್ತಂತೆ...”

“ಯಾವ ಬೋಳಿಮಗ ಹಂಗಂದೋನು?” ಕಸಾಯಿಯ ಕತ್ತಿನ ನರ ಉಬ್ಬಿತು. “ಮೂವತ್ತು ವರ್ಷದಿಂದ ಪಾಲು ಹಾಕ್ತಿದೀನಿ! ಒಂದು ತುಣುಕು ಆಚೆ ಈಚೆ ಆಗಿಲ್ಲ!”

“ಗ್ವಾಲ್ತಿಯೆರೊ, ಬಾಯಿ ಮುಚ್ಚು,” ಎಂದ ಒಲಿಂದೋ.

“ಹೆಂಗೆ ಮುಚ್ಚಲಿ ಯಜಮಾನ್ರೇ? ಇವನು ನನ್ನನ್ನ ಕಳ್ಳ ಅಂತಾನೆ! ಹದಿನೇಳು ಗುಡ್ಡೆ ಹಾಕ್ದೆ. ಹದಿನೇಳೂ ಸಮಸಮ! ಬೇಕಾದ್ರೆ ಯಾರನ್ನಾದ್ರೂ ಕೇಳು!”

“ಜನ ಎಷ್ಟಿದ್ರು?”

ಬಾಯಿ ತೆರೆದ. ಹಾಗೇ ನಿಂತ.

ಠಾಣೆಯಲ್ಲಿ ಹದಿನೆಂಟು ಜನ ಸುಳ್ಳು ಹೇಳಿದ್ದರು, ತಮ್ಮವನೊಬ್ಬನಿಗೆ ತೊಂದರೆಯಾಗದಿರಲಿ ಎಂದು. ಆದರೆ ಹಲಗೆಯ ಮುಂದೆ ಸುಳ್ಳು ಹೇಳಲು ಇವರಿಗೆ ಬರುವುದಿಲ್ಲ! ಒಬ್ಬೊಬ್ಬರಾಗಿ ಎಲ್ಲರೂ ಒಂದೇ ಕಡೆ ತಿರುಗಿದರು.

ಒಲಿಂದೋನ ಕಡೆ.

“ಜಾಗ ಬಿಟ್ಟಿದ್ದೀನಿ, ನನಗೆ ಗುಡ್ಡೆ ಬೇಡ ಅಂತ ನೀವೇ ಅಂದ್ರಿ...” ಗ್ವಾಲ್ತಿಯೆರೊ ಚೂರಿ ಕೆಳಗಿಟ್ಟ. “ಬಿಸ್ಸಾಗೆ ನಡೆಯೋಕೆ ಆಗ್ತಿರಲಿಲ್ಲ, ನೋಡೋಕೆ ಹೋಗಿದ್ದೆ ಅಂದ್ರಿ. ನಾವು ನಂಬಿದ್ವಿ ಯಜಮಾನ್ರೇ!”

ಹುಡುಗಿಯ ಕುತ್ತಿಗೆಗೆ ತಂತಿ ಬಿಗಿಯಲು ಹೇಸದ ಕೈ! ತನಗೆ ಸೇರದ ಒಂದು ಗುಡ್ಡೆ ಮಾಂಸ ಮುಟ್ಟಲು ಹೇಸಿತ್ತು. ಇವತ್ತಿನ ತಂತಿಯನ್ನು ಮಾತ್ರ ಕೊಂಬು ಊದಿದ ಮೇಲೆ ಕಟ್ಟಿರಬೇಕು, ಗುಡ್ಡೆ ತಪ್ಪದಿರಲಿ ಎಂದು.

ಮುದುಕ ಕಣ್ಣು ಮಿಟುಕಿಸಲಿಲ್ಲ.

“ನನ್ನ ನಾಯಿ ಕಾಲು ಯಾರು ತೆಗೆದ್ರು? ನಿಮ್ಮ ಬೈಕು! ನಿಲ್ಲಿಸಿ ನೋಡ್ಲೂ ಇಲ್ಲ. ಅವತ್ತು ಯಾವ ಪೊಲೀಸು ಬಂದಿದ್ದ?”

“ಅದು ನೀವ್ಸ್ ಅಲ್ಲ!”

“ಹೆಲ್ಮೆಟ್ ಒಳಗೆ ನೀವೆಲ್ಲ ಒಂದೇ.”

ಎಜಿಯೋ ಹೇಳಿದ್ದೂ ಇದೇ ಮಾತು, ಈ ಕಡೆಯಿಂದ. ಫೋನು ತೆಗೆದು ಎಲ್ಲರೆದುರೇ ಸಾಲ್ವೆತ್ತಿಗೆ ಹಚ್ಚಿದೆ.

“ಸಾರ್, ಗುಡಿಸಲಿಗೆ ಬನ್ನಿ. ಹಾಗೇ ಒಲಿಂದೋ ಮನೆಯ ಕೊಟ್ಟಿಗೆ ನೋಡಿ. ಅಲ್ಲಿ ಬೇಲಿ ತಂತಿಯ ಸುರುಳಿ ಇರುತ್ತೆ. ಕತ್ತರಿಸಿದ ತುದಿ ಹಾದೀಲಿರೋ ತಂತಿಗೆ ಕೂಡುತ್ತೋ ನೋಡೋಣ.”

ಕೊಟ್ಟಿಗೆಯ ಮಾತು ಕತ್ತಲಲ್ಲಿ ಎಸೆದ ಕಲ್ಲು. ತಗುಲಿತು! ಒಲಿಂದೋ ಬಂದೂಕು ಎತ್ತಿಕೊಂಡು ಜೀಪಿಗೆ ಹಾರಿದ. ಜೀಪು ಕೆಸರು ಎರಚುತ್ತಾ ಊರಿನ ಕಡೆ ಇಳಿಯಿತು. ಸುರುಳಿಯನ್ನು ಮಾಯ ಮಾಡಲು ಹೊರಟಿದ್ದ.

ಬೈಕಿನ ಕಿಕ್ಕರ್ ಒದ್ದೆ. ಕೆಮ್ಮಿ ಎದ್ದಿತು. ಅಷ್ಟರಲ್ಲಿ ಫೋನು... ಎಜಿಯೋ!

“ಹೆಸರು ಸಿಕ್ತು. ನೀನು ಮನೇಲೇ ಇರು!” ಎಂದೆ.

“ಮನೇಲಿಲ್ಲ.” ಅವನ ದನಿಯ ಹಿಂದೆ ನೀರು ಭೋರ್ಗರೆಯುತ್ತಿತ್ತು. “ಬೇಟೆ ಜೀಪುಗಳು ಇಳಿಯೋ ಸೇತುವೆ ಕೆಳಗಿದೀನಿ. ಬೋಲ್ಟುಗಳೆಲ್ಲ ನನ್ನ ಜೇಬಲ್ಲಿವೆ. ನೀನು ಆ ಕಡೆಯಿಂದ ಇಳೀಬೇಡ ಅಂತ ಹೇಳೋಕೆ ಫೋನ್ ಮಾಡ್ದೆ.”

“ಭಾನುವಾರದ ತನಕ ಕಾಯ್ತೀನಿ ಅಂತ ನೀನೇ ಅಂದಿದ್ದೆ!”

“ಆಗ್ಲಿಲ್ಲ ಕಣೋ.”

ಲೈನು ಸತ್ತಿತು. ಮೇಲಿಂದ ಒಲಿಂದೋ ಇಳಿಯುತ್ತಿದ್ದ. ಕೆಳಗಿಂದ ಸಾಲ್ವೆತ್ತಿ ಹತ್ತುತ್ತಿದ್ದ. ನಡುವೆ ಕಣಿವೆಯ ಮೇಲೆ ಬೋಲ್ಟಿಲ್ಲದ ಮರದ ಸೇತುವೆ!

ಜೀಪಿನ ರಸ್ತೆ ಸುತ್ತಿ ಸುತ್ತಿ ಇಳಿಯುತ್ತದೆ. ನಮ್ಮ ಬೈಕಿನ ಹಾದಿ ನೇರ ಬೀಳುತ್ತದೆ. ಬಿದ್ದೆ! ಕ್ಲಚ್ಚು ಹಿಡಿತಕ್ಕೆ ಸಿಗುತ್ತಿರಲಿಲ್ಲ. ಬೇರುಗಳ ಮೇಲೆ ಹಾರಿದೆ, ಬಂಡೆಯ ಮೇಲೆ ಜಾರಿದೆ. ಪ್ರತಿ ಎರಡು ಮರಗಳ ನಡುವೆಯೂ ತಂತಿ ಇದೆಯೆಂದು ತಲೆ ತಗ್ಗಿಸಿದೆ. ಮೊದಲ ತಿರುವಿನಲ್ಲಿ ರಸ್ತೆ ದಾಟುವಾಗ ಜೀಪು ಮುಂದಿತ್ತು. ಎರಡನೆಯದರಲ್ಲಿ ಸಮಸಮ. ಮುದುಕ ನನ್ನನ್ನು ನೋಡಿದ. ಸ್ಟಿಯರಿಂಗ್ ನನ್ನ ಮೇಲೇ ತಿರುಗಿಸಿದ! ಬಂಪರು ಹಿಂದಿನ ಚಕ್ರಕ್ಕೆ ತಾಗಿತು. ಬೈಕು ಓಲಾಡಿತು... ಮತ್ತೆ ಕಾಡೊಳಗೆ ನುಗ್ಗಿದೆ.

ಸೇತುವೆಯ ಬಾಯಿಗೆ ಬಂದು ಬೈಕನ್ನು ಅಡ್ಡ ಕೆಡವಿದೆ. ನಾನು ಅದರ ಮುಂದೆ ಕೈ ಅಗಲಿಸಿ ನಿಂತೆ.

ಜೀಪು ಬಂತು. ನಿಲ್ಲುವ ಲಕ್ಷಣವಿಲ್ಲ.

“ಸೇತುವೆ ಬಿಚ್ಚಿದೆ! ಒಲಿಂದೋ! ಬೋಲ್ಟಿಲ್ಲ!”

ಬ್ರೇಕು ಕಿರುಚಿತು. ಬಂಪರು ನನ್ನ ಮೊಣಕಾಲಿಗೆ ಮುತ್ತಿಟ್ಟು ನಿಂತಿತು. ಮುದುಕ ಬಂದೂಕು ಹಿಡಿದು ಇಳಿದ. ಅದೇ ಹೊತ್ತಿಗೆ ಸೇತುವೆಯ ಕೆಳಗಿಂದ ಎಜಿಯೋ ಮೇಲೆ ಬಂದ. ಕೈಯಲ್ಲಿ ಮೊಳದುದ್ದದ ಸ್ಪ್ಯಾನರು.

“ಇವನಾ?” ಎಂದ.

ಒಲಿಂದೋ ಬಂದೂಕನ್ನು ಅವನ ಕಡೆ ತಿರುಗಿಸಿದ. ನನ್ನ ಬಳಿ ಇದ್ದದ್ದು ಹೆಲ್ಮೆಟ್ಟು ಮಾತ್ರ. ಬೀಸಿ ಎಸೆದೆ. ಮೂಗಿಗೆ ಬಿತ್ತು! ಗುಂಡು ಆಕಾಶಕ್ಕೆ ಹಾರಿತು. ಬಂದೂಕು ಕಿತ್ತುಕೊಂಡು ಮಡಚಿ, ಉಳಿದ ತೋಟಾವನ್ನು ಹೊಳೆಗೆ ಎಸೆದೆ.

ಎಜಿಯೋ ಸ್ಪ್ಯಾನರು ಎತ್ತಿದ.

“ಎಜಿಯೋ, ಬೋಲ್ಟು ಹಾಕು.”

“ಬಿಡು ದಾರಿ! ಅವನು ಜೀಪು ಹತ್ತಲಿ. ದಾಟಲಿ!”

“ಆ ಕಡೆಯಿಂದ ಸಾಲ್ವೆತ್ತಿ ಬರ್ತಿದಾನೆ. ಅವನು ನಿನಗೇನು ಮಾಡಿದ?”

ಸ್ಪ್ಯಾನರು ಗಾಳಿಯಲ್ಲೇ ಇತ್ತು.

“ಈ ಮುದುಕ ಸತ್ತರೆ ಜೈಲಿಗೆ ನೀನು ಹೋಗ್ತೀಯ. ಬದುಕಿದ್ರೆ ಅವನು ಹೋಗ್ತಾನೆ. ನೀವ್ಸ್ ಕಣ್ಣು ಬಿಟ್ಟಾಗ ಅಪ್ಪ ಎಲ್ಲಿ ಅಂತ ನೋಡ್ತಾಳೆ. ಬಾಯಲ್ಲಿ ಕೇಳೋಕೂ ಆಗಲ್ಲ ಅವಳಿಗೆ. ನಾನು ಏನು ತೋರಿಸ್ಲಿ? ಹೇಳು!”

ಅವನ ಮುಖ ಕುಸಿಯಿತು. ಈ ವಾರದಲ್ಲಿ ಮೊದಲ ಬಾರಿ ಅವನು ಅತ್ತದ್ದನ್ನು ಕಂಡೆ. ಅಳುತ್ತಲೇ ಸೇತುವೆಯ ಕೆಳಗಿಳಿದ. ದೂರದಲ್ಲಿ ಸೈರನ್ನು ಕೇಳಿಸಿತು. ಕಬ್ಬಿಣದ ಮೇಲೆ ಕಬ್ಬಿಣ ತಿರುಗುವ ಸದ್ದು... ನಿಧಾನ... ಇನ್ನೂ ನಿಧಾನ. ಆಚೆ ದಡದಲ್ಲಿ ನೀಲಿ ದೀಪ ಕಂಡಿತು. ನಾನು ಕೈ ಬೀಸಿ ನಿಲ್ಲಲು ಸನ್ನೆ ಮಾಡಿದೆ. ಸಾಲ್ವೆತ್ತಿ ಕಾರಿನಿಂದ ಇಳಿಯುವ ಹೊತ್ತಿಗೆ ಎಜಿಯೋ ಮೇಲೆ ಬಂದಿದ್ದ. ಕೈ ತುಂಬಾ ಗ್ರೀಸು, ಜೇಬು ಖಾಲಿ.

“ಸಾರ್, ಇವನನ್ನ ಹಿಡೀರಿ!” ಒಲಿಂದೋ ಮೂಗು ಒತ್ತಿಕೊಂಡೇ ಕೂಗಿದ. “ನಮ್ಮನ್ನ ಕೊಲ್ಲೋಕೆ ಸೇತುವೆ ಬಿಚ್ಚಿದಾನೆ! ಈ ರುಜ್ಜೇರೊನೇ ಹೇಳ್ದ, ಕೇಳಿ!”

ಸಾಲ್ವೆತ್ತಿ ಎಜಿಯೋನ ಕೈ ನೋಡಿದ. ನನ್ನ ಮುಖ ನೋಡಿದ. ಸೇತುವೆಯ ನಡುವಿಗೆ ಬಂದು, ಎರಡೂ ಕಾಲು ಎತ್ತಿ ಮೂರು ಸಲ ಕುಪ್ಪಳಿಸಿದ. ನೂರು ಕಿಲೋದ ಆಳು! ಹಲಗೆ ಮಿಸುಕಲಿಲ್ಲ.

“ಕಲ್ಲಿನ ಹಾಗಿದೆಯಲ್ಲ ಯಜಮಾನ್ರೇ. ಬನ್ನಿ ಈ ಕಡೆ. ನಿಮ್ಮ ಕೊಟ್ಟಿಗೆಗೆ ಹೋಗಿ ಬರೋಣ.”

ಒಲಿಂದೋ ಸೇತುವೆಯ ತುದಿಯಲ್ಲಿ ನಿಂತ. ಕಾಲು ಮುಂದಿಟ್ಟು ಹಿಂದೆಗೆದ. ಆಮೇಲೆ ಕಂಬಿ ಹಿಡಿದು, ಒಂದೊಂದು ಹಲಗೆಯನ್ನೂ ಬೂಟಿನ ತುದಿಯಿಂದ ತಟ್ಟಿ ನೋಡುತ್ತಾ ಹೊರಟ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

ನಾನು ಸಿಗರೇಟು ಹಚ್ಚಿದೆ. ಮುದುಕನಿಗೆ ಅವಸರ ಮಾಡಬೇಡಿ ಎಂದು ಸಾಲ್ವೆತ್ತಿಗೆ ಹೇಳಿದೆ. ದಾರಿಯನ್ನು ನಂಬದೆ ನಡೆಯುವುದು ನಮಗೆ ರೂಢಿಯಾಗಿತ್ತು, ಅವನಿಗೆ ಇನ್ನೂ ಆಗಬೇಕಿತ್ತು.