ಚಾರ್ಜರಿನ ತುದಿಯ ಕಪ್ಪು

ವೇಳಾಪುರದ ಹೊರಗೆ, ಮಧ್ಯಾಹ್ನದ ಊಟದ ಎಲೆ ಎತ್ತುವ ಮೊದಲೇ, ಕೊಂಡಾಬಾಯಿಯ ಫೋನಿಗೆ ಜೀವವಿಲ್ಲ ಎಂದು ತಿಳಿಯಿತು. ಕೆಟ್ಟಿದ್ದು ಫೋನೋ, ಚಾರ್ಜರೋ? ಯಾರು ಕೆಡಿಸಿದರು?

ಪಂಢರಪುರಕ್ಕೆ ನಡೆಯುವ ನಮ್ಮ ದಿಂಡಿಯಲ್ಲಿ ನಲವತ್ತು ಜನ. ಸಾಮಾನಿನ ಲಾರಿಯ ಹಿಂಬದಿಗೆ ಒಂದು ಉದ್ದ ಹಲಗೆ, ಅದರ ತುಂಬ ಪ್ಲಗ್ಗುಗಳು, ಪಕ್ಕದಲ್ಲಿ ಜನರೇಟರು. ನೋಡಿಕೊಳ್ಳುವವನು ಲಾರಿ ಓಡಿಸುವ ಹರಿಭಾವು. ಕೊಂಡಾಬಾಯಿ ಹಿಂದಿನ ದಿನ ಫೋನು, ಚಾರ್ಜರು ಎರಡನ್ನೂ ಅವನ ಕೈಗೇ ಕೊಟ್ಟಿದ್ದಳು. ಮರಳಿ ಪಡೆದಾಗ ಅರ್ಧವೂ ತುಂಬಿರಲಿಲ್ಲ. ಈಗ ಮೂರು ಪ್ಲಗ್ಗು ಬದಲಿಸಿದರೂ ಪರದೆ ಕಪ್ಪಗೇ ಉಳಿಯಿತು.

ಹರಿಭಾವು ವಯರಿನ ತುದಿಯನ್ನು ಬಿಸಿಲಿಗೆ ಹಿಡಿದು ನೋಡಿದ. ಕರ್ರಗಾಗಿತ್ತು. ಸುಟ್ಟಿದೆ, ಬೇರೆ ತಗೊಳ್ಳಬೇಕು ಎಂದ.

ಅಲ್ಲಿಗೆ ಕೊಂಡಾಬಾಯಿಯ ಮನಸ್ಸಿನಲ್ಲಿ ಸಂಶಯ ಹೊಕ್ಕಿತು. ಫಲಟಣದ ಅಂಗಡಿಯಲ್ಲಿ ನಾಲ್ಕು ದಿನದ ಹಿಂದೆ ಕೊಂಡ ಹೊಸ ಚಾರ್ಜರು ಸುಡುವುದೆಂದರೇನು? ಹಲಗೆಯ ಮೇಲೆ ಹರಿಭಾವುವಿನ ಫೋನು ಅಂಥದೇ ಬಿಳಿಯ ಚಾರ್ಜರಿನಲ್ಲಿ ಸುಖವಾಗಿ ತುಂಬುತ್ತಿತ್ತು.

"ನಿಂದು ಸುಟ್ಟಿತ್ತು, ಅದನ್ನ ನನ್ನ ಕೈಗಿಟ್ಟಿ," ಎಂದಳು. "ವಿಠ್ಠಲನ ಹಾದಿಯಾಗ ನಿಂತು ಇಂಥಾ ಕೆಲಸ ಮಾಡಿದ್ಯಲ್ಲೋ."

ಹರಿಭಾವು ಹದಿನೊಂದು ವರ್ಷದಿಂದ ಕೂಲಿ ಕೇಳದೆ ಲಾರಿ ಓಡಿಸಿದವನು. ಲಾರಿಯ ಕೀಲಿ ತೆಗೆದು ಹಲಗೆಯ ಮೇಲಿಟ್ಟು ದೂರ ಹೋಗಿ ಕುಳಿತ.

ಕೊಂಡಾಬಾಯಿ ಹಾಗೆಲ್ಲ ಆಡುವ ಹೆಂಗಸಲ್ಲ. ಅಂದು ಬೆಳಿಗ್ಗೆ ಬಾರ್ಶಿಯ ಆಸ್ಪತ್ರೆಯಲ್ಲಿ ಅವಳ ಮಗಳು ಉಜ್ವಲಾಳನ್ನು ಹೆರಿಗೆಗೆ ಒಳಗೆ ಕರೆದೊಯ್ದಿದ್ದರು. ಹಿಂದಿನ ಎರಡು ಕೂಸುಗಳು ಉಳಿದಿರಲಿಲ್ಲ. ಪಂಢರಪುರದ ವಾರಿ ತಪ್ಪಿಸಬೇಡ, ಸುದ್ದಿ ಫೋನಿನಲ್ಲಿ ಹೇಳುತ್ತೇವೆ ಎಂದು ಮಗಳೇ ಕಳಿಸಿದ್ದಳು. ಅಳಿಯನ ನಂಬರು ಆ ಫೋನಿನಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ಸಿಮ್ ತೆಗೆದು ನನ್ನ ಫೋನಿಗೆ ಹಾಕೋಣವೆಂದರೆ, ಅದೂ ಕೆಟ್ಟರೆ ಎಂಬ ಹೆದರಿಕೆಯಿಂದ ಮುಟ್ಟಗೊಡಲಿಲ್ಲ.

ಹೊತ್ತೂ ಇರಲಿಲ್ಲ. ಮೊದಲ ಕಹಳೆ ಊದಿದರೆ ಗಂಟು ಕಟ್ಟಬೇಕು, ಎರಡನೆಯದಕ್ಕೆ ಸಾಲಿನಲ್ಲಿ ನಿಲ್ಲಬೇಕು, ಮೂರನೆಯದಕ್ಕೆ ಹೆಜ್ಜೆ. ಲಾರಿ ಬೇರೆ ರಸ್ತೆ ಹಿಡಿದು ಹೋದರೆ ಮತ್ತೆ ಸಿಗುವುದು ದೀಪ ಹಚ್ಚಿದ ಮೇಲೆ. ಮೊದಲ ಕಹಳೆ ಆಗಲೇ ಕೇಳಿಸಿತು.

ಆಗ ರಖಮಾಜಿ ಬುವಾ ಹತ್ತಿರ ಬಂದರು. ಬುವಾ ನಮ್ಮ ವೀಣೆಕರಿ. ಕೊರಳಿಗೆ ಹಾಕಿಕೊಂಡ ವೀಣೆಯನ್ನು ನೆಲಕ್ಕಿಡುವಂತಿಲ್ಲ, ಕೈ ಬಿಡುವಂತಿಲ್ಲ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ವಯರಿಂಗ್ ಕೆಲಸ ಮಾಡಿದವರು. ನಾನು ಅವರ ಹಿಂದೆ ತಾಳ ಹಾಕುವವನು. ಅವರ ಕಣ್ಣು, ನನ್ನ ಕೈ — ಹೀಗೆ ತನಿಖೆ ಶುರುವಾಯಿತು.

ಒಂದು ಸಲಕ್ಕೆ ಒಂದನ್ನೇ ಬದಲಿಸು ಎಂದರು. ಕೊಂಡಾಬಾಯಿಯ ಚಾರ್ಜರಿನ ತುದಿಯನ್ನು ಧೋತರದ ಅಂಚಿಗೆ ಒರೆಸಿ ನನ್ನ ಫೋನಿಗೆ ಚುಚ್ಚಿದೆ. ತಕ್ಷಣ ತುಂಬತೊಡಗಿತು. ನನ್ನ ಚಾರ್ಜರನ್ನು ಅವಳ ಫೋನಿಗೆ ಚುಚ್ಚಿದೆ. ಏನೂ ಇಲ್ಲ.

ಅಂದರೆ ಚಾರ್ಜರು ನಿರಪರಾಧಿ. ಕೊಂಡಾಬಾಯಿ ಹಣೆಗೆ ಕೈ ಹಚ್ಚಿಕೊಂಡು ಕುಸಿದಳು. ಹಾಗಾದರೆ ಫೋನೇ ಹೋಯಿತೆ?

"ವಯರು ಪೂರ್ತಿ ಒಳಗ ಹೋತೇನು?" ಬುವಾ ಕೇಳಿದರು.

ನಾನು ಬಗ್ಗಿ ನೋಡಿದೆ. ಇಲ್ಲ — ಗೋದಿ ಕಾಳಿನಷ್ಟು ಹೊರಗೇ ಉಳಿದಿತ್ತು.

"ನಿನ್ನ ಧೋತರ ತೋರಸು."

ಒರೆಸಿದ ಕಡೆ ಕಪ್ಪು ಕಲೆ.

"ಸುಟ್ಟ ಕಪ್ಪು ಒರೆಸಿದ್ರ ಹೀಂಗ ಬಿಡೂದಿಲ್ಲ. ಮೂಸಿ ನೋಡು."

ಮೂಸಿದೆ. ಘಮ್ಮೆಂದಿತು. ನನ್ನ ಬೆರಳಿಗೂ ಅದೇ ವಾಸನೆ. ಅಲ್ಲಿದ್ದ ಎಲ್ಲರ ಹಣೆಯ ಕಪ್ಪು ಬುಕ್ಕಾ ಪುಡಿಗೂ ಅದೇ.

ಬುವಾ ಕೊಂಡಾಬಾಯಿಯ ಕಡೆ ತಿರುಗಿದರು. ದನಿ ಮೆತ್ತಗಿತ್ತು. ದಿಂಡಿಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಮಾವುಲಿ, ಅಂದರೆ ತಾಯಿ.

"ಮಾವುಲಿ, ಫೋನು ಎಲ್ಲಿ ಇಡ್ತೀರಿ?"

"ಕೊರಳಾಗ. ಈ ಚೀಲ ನಾನೇ ಹೊಲಿದೀನಿ."

"ಹ್ಯಾಂಗ ಇಡ್ತೀರಿ, ಇಟ್ಟು ತೋರಸ್ರಿ."

ತೋರಿಸಿದಳು. ತಲೆ ಕೆಳಗೆ. ಕೊರಳಿನಿಂದ ಎತ್ತಿ ನೋಡಿದರೆ ಅಕ್ಷರ ನೆಟ್ಟಗೆ ಕಾಣಬೇಕಲ್ಲ? ಚಾರ್ಜರು ಚುಚ್ಚುವ ತೂತು ಚೀಲದ ಬಾಯಿಯಲ್ಲಿ, ಆಕಾಶ ನೋಡುತ್ತಿತ್ತು.

"ಮುಂಜಾನೆ ಎದ್ದು ಬುಕ್ಕಾ ಯಾರ್ಯಾರಿಗೆ ಹಚ್ತೀರಿ?"

"ತುಳಸಿಗೆ. ವೀಣೆಗೆ. ನಿಮಗೆಲ್ಲಾರಿಗೂ." ಅವಳು ಕೊರಳ ಚೀಲ ಮುಟ್ಟಿದಳು. "ಇದಕ್ಕೂ."

"ಇದಕ್ಕ ಎಲ್ಲಿ?"

ಅವಳ ಬೆರಳು ಫೋನಿನ ಮೇಲಂಚಿಗೆ, ಅದು ಹಣೆಯೆಂದು ಅವಳು ತಿಳಿದ ಕಡೆಗೆ ಹೋಗಿ ನಿಂತಿತು. ನೇರ ತೂತಿನ ಮೇಲೆ.

"ಮಗಳ ಮಾತು ಇದರಾಗಿಂದ ಬರತೈತಿ," ಎಂದಳು. "ನಿಮಗೆಲ್ಲಾ ಹಚ್ಚಿ, ಇದನ್ನ ಹ್ಯಾಂಗ ಬಿಡ್ಲಿ?"

ಯಾರೂ ನಗಲಿಲ್ಲ.

ಬುವಾ ವಿವರಿಸಿದರು. ದಿನಾ ಒಂದು ಚಿಟಿಕೆ ಕಪ್ಪು ಪುಡಿ. ವಯರು ಚುಚ್ಚಿದಾಗಲೆಲ್ಲ ಅದು ಒಳಗೆ ಒತ್ತಿ ಗಟ್ಟಿಯಾಗಿದೆ. ನಿನ್ನೆ ಅರ್ಧ ಹಾದಿ ಬಿಟ್ಟಿತ್ತು, ಇಂದು ಪೂರ್ತಿ ಮುಚ್ಚಿತು. ಕಪ್ಪು ಕಂಡ ಕೂಡಲೇ ಎಲ್ಲರೂ ಸುಟ್ಟಿತೆಂದರು. ಮೂಗಿಗೆ ಯಾರೂ ಕೆಲಸ ಕೊಡಲಿಲ್ಲ. ಕೊಟ್ಟಿದ್ದರೂ, ಬುಕ್ಕಾದಲ್ಲೇ ಮುಳುಗಿದ ನಮಗೆ ಬೇರೆಯಾಗಿ ತಿಳಿಯುತ್ತಿರಲಿಲ್ಲ.

"ಕಳ್ಳ ಹರಿಭಾವು ಅಲ್ಲ, ಮಾವುಲಿ. ನಿಮ್ಮ ಬೆರಳು. ಅದರ ಮ್ಯಾಲೆ ಸಿಟ್ಟು ಮಾಡಬ್ಯಾಡ್ರಿ, ಪ್ರೀತಿಲೆ ಮಾಡೈತಿ."

ಸೂಜಿ ಬೇಡ, ಲೋಹ ತಾಗಿದರೆ ಒಳಗಿನ ತಂತಿ ಮುರಿದೀತು, ಬಾಯಿಂದ ಊದಿದರೆ ತೇವ ಹೋದೀತು ಎಂದರು ಬುವಾ. ನಾನು ಉಂಡ ಎಲೆಗೆ ಹೊಲಿದಿದ್ದ ಕಡ್ಡಿಯೊಂದನ್ನು ಎಳೆದು, ತೊಳೆದು ಒರೆಸಿ, ಉಗುರಿನಿಂದ ಸಿಗಿದು ತೆಳುಮಾಡಿದೆ. ಮೆಲ್ಲಗೆ ಕೆರೆದು, ಫೋನನ್ನು ಬೋರಲು ಮಾಡಿ ಅಂಗೈಗೆ ತಟ್ಟಿದೆ. ಕಪ್ಪು ಹೆಂಟೆಯೊಂದು ಉದುರಿತು. ವಯರು ಚುಚ್ಚಿದೆ. ಟಕ್ಕೆಂದು ಪೂರ್ತಿ ಒಳಗೆ ಕುಳಿತು, ಪರದೆಯ ಮೇಲೆ ಬೆಳಕು ಮೂಡಿತು.

ಎರಡನೆಯ ಕಹಳೆ.

ಕೊಂಡಾಬಾಯಿ ಫೋನಿನ ಕಡೆ ನೋಡಲಿಲ್ಲ. ಬಿಸಿಲಿನಲ್ಲಿ ನಡೆದು ಹರಿಭಾವುವಿನ ಬಳಿ ಹೋಗಿ ಅವನ ಪಾದ ಮುಟ್ಟಿದಳು. ಅವನು ಗಡಬಡಿಸಿ ಎದ್ದು ಅವಳ ಪಾದ ಮುಟ್ಟಿದ. ಏನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ. ಮರಳಿ ಬಂದ ಹರಿಭಾವು ಕೀಲಿ ಕೈಗೆತ್ತಿಕೊಂಡ. ಆದರೆ ಲಾರಿ ಹತ್ತಲಿಲ್ಲ. ಅಷ್ಟರಲ್ಲಿ ಒಂದಿಷ್ಟು ತುಂಬಿದ್ದ ಫೋನನ್ನು ನಾನು ಗುಂಡಿ ಒತ್ತಿ ಚಾಲೂ ಮಾಡಿದ್ದೆ.

ಫೋನು ತಾನಾಗಿಯೇ ರಿಂಗಾಯಿತು. ಅಳಿಯ.

ಕೊಂಡಾಬಾಯಿ ಫೋನು ಎತ್ತಿಕೊಂಡಳು. ಎರಡು ಸಲ ಇಂಥದೇ ಫೋನಿನಲ್ಲಿ ಕೆಟ್ಟದ್ದು ಕೇಳಿದ ಕಿವಿ ಅವಳದು. ಹರಿಭಾವುವಿನ ಕಡೆ ಚಾಚಿದಳು.

"ನೀ ಕೇಳಪ್ಪಾ. ನನಗ ಧೈರ್ಯ ಇಲ್ಲ."

ಅವನು ಕಿವಿಗೆ ಹಚ್ಚಿದ. ಬಹಳ ಹೊತ್ತು ಬರೀ ಹೂಂ, ಹೂಂ. ಆಮೇಲೆ ಫೋನನ್ನು ಹಲಗೆಯ ಮೇಲಿಟ್ಟು, ದನಿ ಎಲ್ಲರಿಗೂ ಕೇಳುವಂತೆ ಗುಂಡಿ ಒತ್ತಿದ.

"ಹೆಣ್ಣು ಕೂಸು, ಅಕ್ಕಾ. ಉಜ್ವಲಾ ಆರಾಮ ಅದಾಳ. ತಗೋ, ಕೇಳು."

ಸಣ್ಣ ಅಳು. ಬೆಕ್ಕಿನ ಮರಿಯಂತೆ ಶುರುವಾಗಿ, ಉಸಿರು ಹಿಡಿದು, ಜೋರಾಗಿ ಏರಿತು.

ಮೂರನೆಯ ಕಹಳೆ ಊದಿತು. ಹದಿನಾರು ದಿನ ಹಾಡುತ್ತ ಬಂದ ನಲವತ್ತು ಜನ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಸಾಲು ನೋಡಿಕೊಳ್ಳುವ ಚೋಪದಾರ ಬೆಳ್ಳಿಯ ಕೋಲು ಎತ್ತಿಕೊಂಡು ಬೈಯಲು ಬಂದ. ಬಂದವನು ಅಲ್ಲೇ ನಿಂತು ಕೋಲು ಇಳಿಸಿದ. ಬುವಾ ಕೈ ಮುಗಿಯಲಾರದೆ ತಲೆ ಬಾಗಿಸಿದ್ದರು. ನನ್ನ ಕೈಯಲ್ಲಿ ತಾಳವಿತ್ತು. ಒಂದಕ್ಕೊಂದು ತಾಗದಂತೆ ಹಿಡಿದುಕೊಂಡೆ. ಕೂಸು ಅತ್ತು ಮುಗಿಸುವವರೆಗೂ ಕೇಳಿದೆವು.